ಡೈನಮೊ ಕಾಲದ ಪಿಕಪ್ಪಿಗೆ ಪಿಡಿಎಂ: ನಮ್ಮ ಎಫ್‌ಸಿ-150ಕ್ಕೆ ಹೊಸ ವೈರಿಂಗ್ ಮಾಡಿಸಿದ ಅನುಭವ

ದೊಡ್ಡಪ್ಪನ ಮಹೀಂದ್ರಾ ಎಫ್‌ಸಿ-150 ಪಿಕಪ್ಪಿಗೆ ಪಿಡಿಎಂ (ಪವರ್ ಡಿಸ್ಟ್ರಿಬ್ಯೂಷನ್ ಮಾಡ್ಯೂಲ್, ಅಂದರೆ ಕರೆಂಟ್ ಹಂಚುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಕಿ ಹೊಸದಾಗಿ ವೈರಿಂಗ್ ಮಾಡಿಸುವ ಕೆಲಸ ಕೊನೆಗೂ ಮುಗಿಯಿತು. ಮೊನ್ನೆ ಮಳೆಯಲ್ಲೇ ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಹತ್ತಿಸಿಕೊಂಡು ಬಂದೆ. ಹೆಡ್‌ಲೈಟ್, ಫಾಗ್ ಲೈಟ್, ವೈಪರ್, ಇಂಡಿಕೇಟರ್ ಎಲ್ಲಾ ಒಟ್ಟಿಗೆ ಹಾಕಿದ್ದೆ, ಒಂದೂ ತೊಂದರೆ ಕೊಡಲಿಲ್ಲ. ಶುರು ಮಾಡುವಾಗ ಕನ್ನಡದಲ್ಲಿ ಇದರ ಬಗ್ಗೆ ಹುಡುಕಿದರೆ ನನಗೆ ಏನೂ ಸಿಕ್ಕಿರಲಿಲ್ಲ. ಮನೆಯಲ್ಲಿ ಹಳೇ ಜೀಪು, ಪಿಕಪ್ಪು, ಲಾರಿ ಇಟ್ಟುಕೊಂಡವರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ಬರೆಯುತ್ತಿದ್ದೇನೆ.

ಗಾಡಿ ನೋಡಿಲ್ಲದವರಿಗೆ ಎರಡು ಮಾತು. ಮಹೀಂದ್ರಾ ಕಂಪನಿ 1965ರಲ್ಲಿ ಸಣ್ಣ ಸರಕು ಗಾಡಿಗಳಿಗೆ ಕೈ ಹಾಕಿದಾಗ ಬಂದ ಪೆಟ್ರೋಲ್ ಪಿಕಪ್ ಇದು. ಜೀಪಿನ ವಂಶವೇ. ಆದರೆ ಮೂತಿ ಇಲ್ಲ. ಡ್ರೈವರ್ ಮುಂದಿನ ಚಕ್ರದ ಮೇಲೇ ಕೂರುತ್ತಾನೆ, ಇಂಜಿನ್ ಕ್ಯಾಬಿನ್ ಒಳಗೆ ಪೆಟ್ಟಿಗೆ ಹಾಗೆ ಮುಚ್ಚಿಕೊಂಡಿರುತ್ತದೆ. ನಮ್ಮದು 1968ರದ್ದು. ನಂಬರ್ ಇನ್ನೂ ಮೈಸೂರು ರಾಜ್ಯದ ಕಾಲದ ಎಂವೈ ಸರಣಿಯದ್ದು. ತೋಟದಿಂದ ಕಾಫಿ ಮೂಟೆ ಸಾಗಿಸಲು ದೊಡ್ಡಪ್ಪ ತಂದದ್ದು. ಅವರು ತೀರಿಕೊಂಡ ಮೇಲೆ ಶೆಡ್ಡಿನಲ್ಲಿ ನಿಂತೇ ಇತ್ತು.

ಇಂಜಿನ್ ಕೆಲಸ ಬೇಗ ಆಯಿತು. ಕಾರ್ಬೊರೇಟರ್ ತೊಳೆದು, ಪ್ಲಾಟಿನಂ (ಸ್ಪಾರ್ಕ್ ಹುಟ್ಟಿಸುವ ಇಗ್ನಿಷನ್ ಕಾಯಿಲ್ಲಿನ ಕರೆಂಟನ್ನು ಮುಚ್ಚಿ ತೆರೆಯುವ ಪಾಯಿಂಟು) ಬದಲಿಸಿ, ಟ್ಯಾಂಕ್ ಶುಚಿ ಮಾಡಿದ ಮೇಲೆ ಸ್ಟಾರ್ಟ್ ಆಯಿತು. ವೈರಿಂಗ್ ಮಾತ್ರ ಭಯ ಹುಟ್ಟಿಸುವ ಹಾಗಿತ್ತು. ಮೂಲದ ಬಟ್ಟೆ ಸುತ್ತಿದ ವೈರ್ ಹಿಡಿದರೆ ಪುಡಿಯಾಗುತ್ತಿತ್ತು. ಅದರ ಮೇಲೆ ಐವತ್ತು ವರ್ಷದಲ್ಲಿ ಯಾರ್ಯಾರೋ ಎಳೆದ ವೈರ್, ಮಧ್ಯೆ ಮಧ್ಯೆ ಕಪ್ಪು ಟೇಪ್ ಸುತ್ತಿದ ಜಾಯಿಂಟು, ಸೀಟಿನ ಕೆಳಗೆ ಇಲಿ ಕಡಿದು ಬರಿ ತಾಮ್ರ ಉಳಿದ ಜಾಗಗಳು. ಹೆಡ್‌ಲೈಟಿನ ಲೈನಿಗೆ ಫ್ಯೂಸೇ ಇರಲಿಲ್ಲ. ಒಂದು ದಿನ ಲೈಟ್ ಹಾಕಿದ ಕೂಡಲೇ ಡ್ಯಾಶ್‌ಬೋರ್ಡ್ ಒಳಗಿಂದ ಹೊಗೆ ಬಂತು. ಬ್ಯಾಟರಿ ಕೇಬಲ್ ಕಿತ್ತ ಮೇಲೂ ಎಷ್ಟೋ ಹೊತ್ತು ಕೈ ನಡುಗುತ್ತಿತ್ತು. ಇಂಜಿನ್, ಪೆಟ್ರೋಲ್ ಲೈನ್, ನಾವು, ಎಲ್ಲಾ ಒಂದೇ ಡಬ್ಬಿಯೊಳಗೆ ಕೂತಿರುವ ಗಾಡಿ ಇದು. ಇನ್ನು ತೇಪೆ ಹಾಕುವುದು ಬೇಡ, ಪೂರ್ತಿ ತೆಗೆದು ಹೊಸದಾಗಿ ಮಾಡೋಣ ಅಂತ ಅವತ್ತೇ ತೀರ್ಮಾನ ಮಾಡಿದೆ.

ಎರಡು ದಾರಿ ಇದ್ದವು. ಒಂದು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೇ ನಮೂನೆಯ ವೈರಿಂಗ್ ಕಿಟ್ ಮಾಡಿಸಿ, ಫ್ಯೂಸ್ ಬಾಕ್ಸ್ ಮತ್ತು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಸೇರಿಸುವುದು. ಹಗಲು ಹೊತ್ತು ಊರೊಳಗೆ ಓಡಿಸುವ ಗಾಡಿಗೆ ಇಷ್ಟು ಧಾರಾಳ ಸಾಕು, ಖರ್ಚೂ ಕಡಿಮೆ. ಇನ್ನೊಂದು, ಪಿಡಿಎಂ ಹಾಕುವುದು. ರೇಸ್ ಕಾರುಗಳಲ್ಲಿ ಇರುವಂಥದ್ದು. ಫ್ಯೂಸು, ರಿಲೇ, ಇಂಡಿಕೇಟರ್ ಮಿಣುಕಿಸುವ ಫ್ಲ್ಯಾಶರ್ ಎಲ್ಲದರ ಬದಲಿಗೆ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ. ಬ್ಯಾಟರಿಯಿಂದ ಒಂದು ದಪ್ಪ ಕೇಬಲ್ ಅದಕ್ಕೆ ಬರುತ್ತದೆ, ಅಲ್ಲಿಂದ ಒಂದೊಂದು ಲೈಟಿಗೂ ಬೇರೆ ಬೇರೆ ಲೈನ್ ಹೋಗುತ್ತದೆ. ಡ್ಯಾಶ್‌ಬೋರ್ಡಿನ ಸ್ವಿಚ್ಚುಗಳಲ್ಲಿ ದೊಡ್ಡ ಕರೆಂಟ್ ಹರಿಯುವುದೇ ಇಲ್ಲ, ಅವು ಸುಮ್ನೆ ಸೂಚನೆ ಕೊಡುತ್ತವೆ ಅಷ್ಟೆ. ಯಾವ ಲೈನಿನಲ್ಲಿ ಎಷ್ಟು ಕರೆಂಟ್ ಹೋಗುತ್ತಿದೆ ಅಂತ ಪಿಡಿಎಂ ನೋಡುತ್ತಲೇ ಇರುತ್ತದೆ. ನಾವು ಹೇಳಿದ ಮಿತಿ ದಾಟಿದರೆ ಆ ಲೈನ್ ಒಂದನ್ನೇ ಬಂದ್ ಮಾಡುತ್ತದೆ. ಆ ಹೊಗೆ ನೋಡಿದವನಿಗೆ ಈ ಒಂದು ಗುಣವೇ ಸಾಕಾಯಿತು.

ಆದರೆ ವೈರಿಗೆ ಕೈ ಹಾಕುವ ಮೊದಲು ಕಾಗದ ಪತ್ರ. ಇದನ್ನು ಯಾರೂ ಕೊನೆಗೆ ಇಟ್ಟುಕೊಳ್ಳಬೇಡಿ. ಆರ್‌ಸಿ ದೊಡ್ಡಪ್ಪನ ಹೆಸರಿನಲ್ಲೇ ಇತ್ತು. ಮಾಲೀಕರು ತೀರಿಕೊಂಡಿದ್ದರೆ ಫಾರಂ 31 ಹಾಕಿ ಮೊದಲು ವಾರಸುದಾರರ ಹೆಸರಿಗೆ ಮಾಡಿಸಬೇಕು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ ಇಷ್ಟನ್ನು ಆರ್‌ಟಿಒ ಕಚೇರಿಯಲ್ಲಿ ಕೇಳಿದರು. ಹಾಗೆ ದೊಡ್ಡಮ್ಮನ ಹೆಸರಿಗೆ ಬಂದು, ಅಲ್ಲಿಂದ ಫಾರಂ 29 ಮತ್ತು 30ರ ಮೂಲಕ ನನ್ನ ಹೆಸರಿಗೆ. ಮಧ್ಯದಲ್ಲಿ ಇನ್ನೊಂದು ತೊಡಕು ಬಂತು. ಹಳೇ ಆರ್‌ಸಿ ಪುಸ್ತಕದ ವಿವರ ಸರ್ಕಾರದ ಆನ್‌ಲೈನ್ ದಾಖಲೆಯಾದ ವಾಹನ್ ಪೋರ್ಟಲ್‌ನಲ್ಲಿ ಇರಲೇ ಇಲ್ಲ. ಅದನ್ನು ಸೇರಿಸುವುದಕ್ಕೆ ಬ್ಯಾಕ್‌ಲಾಗ್ ಎಂಟ್ರಿ ಅನ್ನುತ್ತಾರೆ. ಹಳೇ ರಿಜಿಸ್ಟರ್ ಹುಡುಕಿ ತಾಳೆ ನೋಡುವವರೆಗೆ ಕಾಯಬೇಕಾಯಿತು. ಚಾಸಿ ನಂಬರ್ ಮೇಲಿನ ತುಕ್ಕು ಉಜ್ಜಿ, ಪೆನ್ಸಿಲ್ ಪಡಿಯಚ್ಚು ತೆಗೆದು, ಫೋಟೊ ಜೊತೆಗೆ ಇಟ್ಟುಕೊಂಡಿದ್ದು ಆಗ ತುಂಬಾ ಉಪಯೋಗಕ್ಕೆ ಬಂತು.

ಇದೇ ಹೊತ್ತಿಗೆ ವಿಂಟೇಜ್ ನಿಯಮವನ್ನೂ ಓದಿಕೊಂಡೆ. 2021ರಲ್ಲಿ ಕೇಂದ್ರ ಸರ್ಕಾರ ತಂದದ್ದು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಸ್ವಂತ ಬಳಕೆಯ ಎರಡು ಮತ್ತು ನಾಲ್ಕು ಚಕ್ರದ ಗಾಡಿಗಳಿಗೆ ಅದರಲ್ಲಿ ಅವಕಾಶ ಇದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಚಾಲ್ತಿ, ಆಮೇಲೆ ಮರುನೋಂದಣಿಗೆ 5,000. ಬಾಡಿಗೆಗೆ ಓಡಿಸುವಂತಿಲ್ಲ. ಚಾಸಿ, ಬಾಡಿ, ಇಂಜಿನ್ ಬದಲಾಗಿರಬಾರದು ಅನ್ನುವುದು ಮುಖ್ಯ ಷರತ್ತು. ಮುಂದೆ ಅರ್ಜಿ ಹಾಕುವ ಆಸೆ ನನಗಿದೆ. ಅದಕ್ಕೇ ಗಾಡಿಯ ಬಾಡಿಯಲ್ಲಿ ಒಂದೂ ಹೊಸ ತೂತು ಕೊರೆಯಲಿಲ್ಲ, ವೆಲ್ಡಿಂಗ್ ಮಾಡಿಸಲಿಲ್ಲ. ಹಳೇ ತೂತು, ಹಳೇ ಬೋಲ್ಟಿನ ಜಾಗಗಳನ್ನೇ ಬಳಸಿದೆ. ತೆಗೆದ ಡೈನಮೊ (ಬ್ಯಾಟರಿ ಚಾರ್ಜ್ ಮಾಡುವ ಹಳೇ ಯಂತ್ರ), ಕಟೌಟ್ (ಅದನ್ನು ಬ್ಯಾಟರಿಗೆ ಸೇರಿಸಿ ಬಿಡಿಸುವ ರಿಲೇ), ಸ್ವಿಚ್ಚು ಎಲ್ಲಾ ಚೀಟಿ ಕಟ್ಟಿ ಟ್ರಂಕಿನಲ್ಲಿ ಇಟ್ಟಿದ್ದೇನೆ.

ನಾನು ಆರಿಸಿಕೊಂಡದ್ದು ಪೋಲೆಂಡಿನ ಇಸಿಯುಮಾಸ್ಟರ್ ಕಂಪನಿಯ ಪಿಎಂಯು-16. ಹದಿನಾರು ಔಟ್‌ಪುಟ್, ಅದರಲ್ಲಿ ಹತ್ತು 25 ಆಂಪಿಯರಿನವು, ಆರು 15 ಆಂಪಿಯರಿನವು. ಇಷ್ಟು ಸರಳ ಗಾಡಿಗೆ ಧಾರಾಳ ಆಯಿತು. ಹೊರದೇಶದಿಂದ ತರಿಸುವವರು ಎರಡು ವಿಷಯ ನೆನಪಿಡಿ. ಕೊರಿಯರ್‌ನವರು ಆಧಾರ್, ಪ್ಯಾನ್ ಕೇಳುತ್ತಾರೆ. ಅದನ್ನು ಪಾರ್ಸೆಲ್ ಹೊರಡುವ ಮೊದಲೇ ಅವರ ಬಳಿ ಅಪ್‌ಲೋಡ್ ಮಾಡಿಬಿಡಿ. ಇನ್ನೊಂದು, ಬಿಲ್ಲಿನಲ್ಲಿ ವಸ್ತುವಿನ ಹೆಸರು ಅಸ್ಪಷ್ಟವಾಗಿದ್ದರೆ ಕಸ್ಟಮ್ಸ್‌ನಲ್ಲಿ ನಿಂತುಬಿಡುತ್ತದೆ. ನನ್ನದು ಹಾಗೇ ನಿಂತಿತ್ತು. ಇದು ಏನು, ಯಾತಕ್ಕೆ, ಮಾರಾಟಕ್ಕಾ ಅಂತ ಪ್ರಶ್ನೆ ಬಂತು. ಕಂಪನಿಯ ಮಾಹಿತಿ ಪತ್ರ, ಗಾಡಿಯ ಆರ್‌ಸಿ, ಸ್ವಂತ ಬಳಕೆಗೆ ಅಂತ ಸಹಿ ಮಾಡಿದ ಪತ್ರ ಕಳಿಸಿದ ಮೇಲೆ ಬಿಟ್ಟರು. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಎದ್ದು ಟ್ರ್ಯಾಕಿಂಗ್ ನೋಡುವುದೇ ಕೆಲಸವಾಗಿತ್ತು. ಡ್ಯೂಟಿ, ಜಿಎಸ್‌ಟಿ, ಕೊರಿಯರ್ ಶುಲ್ಕ ಎಲ್ಲಾ ಸೇರಿ ಪೆಟ್ಟಿಗೆಯೊಂದಕ್ಕೇ ಒಂದೂಕಾಲು ಲಕ್ಷ ದಾಟಿತು. ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಅಡಾಪ್ಟರ್ ಬೇರೆ ಕೊಳ್ಳಬೇಕು. ಅದನ್ನು ಮರೆತು ಬಜೆಟ್ ಹಾಕಬೇಡಿ.

ಕಾಯುವ ಆ ದಿನಗಳಲ್ಲಿ ಮಾಡಿದ ಕೆಲಸವೇ ಈ ಇಡೀ ಯೋಜನೆಯನ್ನು ಉಳಿಸಿದ್ದು ಅಂತ ನಾನು ನಂಬಿದ್ದೇನೆ. ಪ್ರತಿಯೊಂದು ಲೈಟು, ಮೋಟರು ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಅಳೆದು ಬರೆದುಕೊಂಡೆ. ಇದಕ್ಕೆ ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಬೇಕು. ಎಸಿ ಮಾತ್ರ ಅಳೆಯುವುದು ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. 55 ವ್ಯಾಟಿನ ಡಿಮ್ ಎರಡೂ ಸೇರಿ ಒಂಬತ್ತು ಆಂಪಿಯರ್ ಹತ್ತಿರ. 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಒಂದೂ ಮುಕ್ಕಾಲು. ವೈಪರ್ ಮೋಟರ್ ಒಣ ಗಾಜಿನ ಮೇಲೆ ಎಳೆಯುವಷ್ಟು ಒದ್ದೆ ಗಾಜಿನ ಮೇಲೆ ಎಳೆಯುವುದಿಲ್ಲ, ಅದನ್ನು ಎರಡೂ ರೀತಿ ಅಳೆಯಿರಿ. ಕಾಯಿಲ್, ಪ್ಲಾಟಿನಂ ಮುಚ್ಚಿದ್ದಾಗ ನಾಲ್ಕು ಆಂಪಿಯರ್.

ಹಳೇ ವೈರಿಂಗ್ ಕಿತ್ತು ಹಾಕುವ ಮೊದಲು ಹೆಡ್‌ಲೈಟಿನ ಹೋಲ್ಡರ್‌ನಲ್ಲಿ ವೋಲ್ಟೇಜನ್ನೂ ನೋಡಿದೆ. ಬ್ಯಾಟರಿಯಲ್ಲಿ ಹನ್ನೆರಡೂವರೆ, ಬಲ್ಬಿನ ಹತ್ತಿರ ಹತ್ತೂವರೆ. ಎರಡು ವೋಲ್ಟ್ ದಾರಿಯಲ್ಲೇ ಖರ್ಚಾಗುತ್ತಿತ್ತು! ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ. ದೊಡ್ಡಪ್ಪ ಘಾಟಿಯಲ್ಲಿ ಕತ್ತಲಾದ ಮೇಲೆ ಗಾಡಿ ಇಳಿಸುತ್ತಲೇ ಇರಲಿಲ್ಲ. ಕಣ್ಣು ಮಂಜಾಗಿದೆ ಅನ್ನುತ್ತಿದ್ದರು. ಕಣ್ಣಲ್ಲ, ವೈರಿಂಗೇ ಕಾರಣ ಇದ್ದೀತು ಅಂತ ಮೀಟರ್ ನೋಡಿದಾಗ ಅನಿಸಿ ಬೇಜಾರಾಯಿತು.

ಈ ಅಳತೆಗಳನ್ನು ಇಟ್ಟುಕೊಂಡು ಯಾವ ವೈರ್ ಎಲ್ಲಿಂದ ಎಲ್ಲಿಗೆ ಅಂತ ವೈರಿಂಗ್ ನಕ್ಷೆ ಬರೆದ ಮೇಲೆ ಸಾಮಾನು. ವೈರ್, ಕನೆಕ್ಟರ್, ಸ್ಲೀವ್ ಎಲ್ಲಾ ಎಸ್.ಪಿ. ರಸ್ತೆ ಮತ್ತು ಜೆ.ಸಿ. ರಸ್ತೆಯಲ್ಲೇ ಸಿಕ್ಕಿತು. ಅಂಗಡಿಯಲ್ಲಿ ‘ವೈರ್ ಕೊಡಿ’ ಅಂದರೆ ಮನೆ ವೈರಿಂಗಿನದ್ದನ್ನು ಕೊಡುವವರೂ ಇದ್ದಾರೆ. ಅದು ಬೇಡ. ಇಂಜಿನ್ ಬಿಸಿ, ಎಣ್ಣೆ, ಅಲುಗಾಟ ತಡೆಯುವ ಆಟೋ ವೈರನ್ನೇ ಕೇಳಿ. ಸ್ವಿಚ್ಚಿನ ಸೂಚನೆಗಳಿಗೆ 0.5 ಚದರ ಮಿ.ಮೀ., ಇಂಡಿಕೇಟರ್ ಮತ್ತು ಪಾರ್ಕ್ ಲೈಟಿಗೆ 1, ಹೆಡ್‌ಲೈಟ್ ಮತ್ತು ಹಾರನ್ನಿಗೆ 2.5 ಹಾಕಿದೆ. ಬಣ್ಣ ಮಾತ್ರ ಹಳೇ ಲೂಕಾಸ್ (ಬ್ರಿಟನ್ನಿನ ಆಟೋ ಎಲೆಕ್ಟ್ರಿಕಲ್ ಕಂಪನಿ) ಪದ್ಧತಿಯದ್ದೇ ಇಟ್ಟುಕೊಂಡೆ: ಬ್ಯಾಟರಿ ಕಂದು, ಇಗ್ನಿಷನ್ ಬಿಳಿ, ಹೆಡ್‌ಲೈಟ್ ನೀಲಿ, ಪಾರ್ಕ್ ಕೆಂಪು, ಅರ್ಥ್ ಕಪ್ಪು. ಮುಂದೆ ಯಾವ ಹಳೇ ಎಲೆಕ್ಟ್ರಿಷಿಯನ್ ಕೈಗೆ ಈ ಗಾಡಿ ಹೋದರೂ ಅವರಿಗೆ ಅರ್ಥವಾಗಬೇಕು. ವೈರಿನ ತುದಿಗೆ ಹಾಕುವ ಥಿಂಬಲ್ ಒತ್ತಲು ಒಳ್ಳೇ ಕ್ರಿಂಪಿಂಗ್ ಟೂಲ್ ಕೊಳ್ಳಿ. ಕಟಿಂಗ್ ಪ್ಲೈಯರ್‌ನಲ್ಲಿ ಅದುಮಿದ್ದು ಎಸ್ಟೇಟ್ ರಸ್ತೆಯ ಕುಲುಕಾಟಕ್ಕೆ ನಿಲ್ಲುವುದಿಲ್ಲ.

ಪ್ಲೈವುಡ್ ಹಲಗೆ ಮೇಲೆ ಗಾಡಿಯ ಅಳತೆಯಲ್ಲೇ ಗೆರೆ ಎಳೆದು, ಮೊಳೆ ಹೊಡೆದು, ಅದರ ಸುತ್ತ ವೈರ್ ಹಾಯಿಸಿ ಕಟ್ಟಿದೆವು. ‘ಕಟ್ಟಿದೆವು’ ಅಂದದ್ದು ಯಾಕೆಂದರೆ ನನ್ನ ಜೊತೆ ಪೇಟೆಯ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಭಾಯಿ ಇದ್ದರು. ದೊಡ್ಡಪ್ಪನ ಕಾಲದಿಂದ ಈ ಗಾಡಿ ಬಲ್ಲವರು. ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ.

“ಸಾರ್, ಇದು ಘಾಟಿ ಮಧ್ಯದಲ್ಲಿ ಕೈ ಕೊಟ್ರೆ ಏನ್ ಮಾಡ್ತೀರ?”

ಆ ಪ್ರಶ್ನೆಗೆ ಉತ್ತರ ಇಲ್ಲದೆ ಮುಂದೆ ಹೋಗುವುದು ಬೇಡ ಅಂತ ಅವತ್ತು ಕೆಲಸ ನಿಲ್ಲಿಸಿದೆವು. ಈ ಇಂಜಿನ್ನಿಗೆ ಪೆಟ್ರೋಲ್ ಪಂಪ್ ಮೆಕ್ಯಾನಿಕಲ್, ಅದಕ್ಕೆ ಕರೆಂಟ್ ಬೇಡ. ಕಾಯಿಲ್ಲಿಗೆ ಕರೆಂಟ್ ಸಿಕ್ಕರೆ ಗಾಡಿ ಓಡುತ್ತದೆ. ಹಾಗಾಗಿ ಬ್ಯಾಟರಿಯಿಂದ ಸಾದಾ ಫ್ಯೂಸ್ ಹಾಕಿದ ಒಂದು ಬೇರೆ ಲೈನ್, ಸೀಟಿನ ಕೆಳಗೆ ಮುಚ್ಚಳ ಇರುವ ಸ್ವಿಚ್. ಅದನ್ನು ಹಾಕಿದರೆ ಕಾಯಿಲ್ ಮತ್ತು ಒಂದು ಹೆಡ್‌ಲೈಟ್ ಪಿಡಿಎಂ ಇಲ್ಲದೆಯೂ ಕೆಲಸ ಮಾಡುತ್ತವೆ. ಪೆಟ್ಟಿಗೆಯ ಔಟ್‌ಪುಟ್‌ಗೆ ಹೊರಗಿನಿಂದ ಕರೆಂಟ್ ನುಗ್ಗದ ಹಾಗೆ ಇದು ಚೇಂಜ್‌ಓವರ್ ಸ್ವಿಚ್ (ಒಂದು ಕಡೆಗೆ ಸೇರಿಸುವಾಗ ಇನ್ನೊಂದು ಕಡೆಯನ್ನು ಬಿಡಿಸುವಂಥದ್ದು) ಆಗಿರಬೇಕು. ಇಡೀ ವೈರಿಂಗಿನಲ್ಲಿ ನನಗೆ ಅತಿ ಹೆಚ್ಚು ಧೈರ್ಯ ಕೊಡುವ ಭಾಗ ಇದೇ. ಇದು ಭಾಯಿಯವರ ಕೊಡುಗೆ.

ಪಿಡಿಎಂ ಎಲ್ಲಿ ಕೂರಿಸುವುದು ಅಂತಲೂ ತುಂಬಾ ಯೋಚನೆ ಮಾಡಿದೆವು. ಇಂಜಿನ್ ಪೆಟ್ಟಿಗೆ ಹತ್ತಿರ ಬಿಸಿ. ಡ್ಯಾಶ್ ಕೆಳಗೆ ಮಳೆ ನೀರು ಸೋರುತ್ತದೆ. ಕೊನೆಗೆ ಸೀಟಿನ ಹಿಂದಿನ ಗೋಡೆಯಲ್ಲಿ ಎತ್ತರಕ್ಕೆ, ಕನೆಕ್ಟರ್ ಕೆಳಮುಖವಾಗಿ ಬರುವ ಹಾಗೆ ಕೂರಿಸಿದೆವು. ವೈರಿನ ಮೇಲೆ ನೀರು ಜಾರಿ ಬಂದರೂ ಒಳಗೆ ಹೋಗುವುದಿಲ್ಲ. ಬ್ಯಾಟರಿ ಪಕ್ಕದಲ್ಲೇ ದೊಡ್ಡ ಮೆಗಾ ಫ್ಯೂಸ್, ಒಂದು ಕಟ್ಆಫ್ ಸ್ವಿಚ್. ಸೆಲ್ಫ್ ಮೋಟರಿನ ಕೇಬಲ್ ಮಾತ್ರ ಹಳೇ ಹಾಗೇ ಬ್ಯಾಟರಿಯಿಂದ ನೇರ. ಅಷ್ಟು ಕರೆಂಟನ್ನು ಯಾವ ಪಿಡಿಎಂ ಮೂಲಕವೂ ಕೊಡಬಾರದು. ಸೆಲ್ಫ್ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್ಚಾದ ಸೊಲೆನಾಯ್ಡನ್ನು ಎಳೆಯುವ ಸಣ್ಣ ಲೈನ್ ಅಷ್ಟೇ ಪಿಡಿಎಂನಿಂದ ಬರುತ್ತದೆ. ಇಲಿ ಕಾಟಕ್ಕೆ ಎಲ್ಲಾ ಕಡೆ ಗಟ್ಟಿ ಫ್ಲೆಕ್ಸಿಬಲ್ ಪೈಪ್ ಹಾಕಿ, ತುದಿಗಳನ್ನು ಮುಚ್ಚಿದೆವು.

ಇನ್ನು ಎದುರಾದ ತೊಂದರೆಗಳು. ಯಾವುದೂ ಪೆಟ್ಟಿಗೆಯದ್ದಲ್ಲ. ಎಲ್ಲಾ ಹಳೇ ಗಾಡಿ ಮತ್ತು ಹೊಸ ವ್ಯವಸ್ಥೆ ಸೇರುವ ಜಾಗದಲ್ಲಿ ಬಂದವು.

ಡೈನಮೊ ಬದಲಿಗೆ ಈಗಿನ ಗಾಡಿಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹಾಕಲೇಬೇಕಿತ್ತು. ಡೈನಮೊ ಸ್ಲೋನಲ್ಲಿ ಚಾರ್ಜ್ ಮಾಡುವುದಿಲ್ಲ, ಜೊತೆಗೆ ಕಟೌಟ್ ಟಕಟಕ ಅಂತ ತೆರೆದು ಮುಚ್ಚುವಾಗ ವೋಲ್ಟೇಜ್ ಹಾರುತ್ತದೆ. ಇದನ್ನು ಒಂದು ಅಂಗಡಿಯಲ್ಲಿ ಕೂರಿಸಿಕೊಟ್ಟರು. ಮೊದಲ ಸಲ ಸ್ಟಾರ್ಟ್ ಮಾಡಿ, ಖುಷಿಯಿಂದ ಒಂದು ರೌಂಡ್ ಹೊಡೆದು ಬಂದು ಕೀ ತಿರುಗಿಸಿದೆ. ಇಂಜಿನ್ ನಿಲ್ಲಲಿಲ್ಲ. ಕೀ ಹೊರಗೆ ಎಳೆದೆ. ಕೀ ಕೈಯಲ್ಲಿದೆ, ಇಂಜಿನ್ ಓಡುತ್ತಲೇ ಇದೆ. ಗೇರಿನಲ್ಲಿ ಇಟ್ಟು ಬ್ರೇಕ್ ಒತ್ತಿ ಕ್ಲಚ್ ಬಿಟ್ಟು ನಿಲ್ಲಿಸಬೇಕಾಯಿತು. ಮತ್ತೆ ಸ್ಟಾರ್ಟ್ ಮಾಡಿ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಕಾಯಿಲ್ಲಿನ ಲೈನ್ ‘ಆಫ್’ ಅಂತ ಇದೆ, ಆದರೆ ಅದೇ ಲೈನಿನಲ್ಲಿ 13.8 ವೋಲ್ಟ್ ತೋರಿಸುತ್ತಿದೆ! ಆಲ್ಟರ್ನೇಟರಿನ ಎಕ್ಸೈಟೇಷನ್ ವೈರನ್ನು (ಅದು ಚಾರ್ಜ್ ಮಾಡಲು ಶುರು ಮಾಡುವುದಕ್ಕೆ ಸಣ್ಣ ಕರೆಂಟ್ ಕೊಡುವ ವೈರ್) ಚಾರ್ಜಿಂಗ್ ಬಲ್ಬ್ ಇಲ್ಲದೆ ನೇರವಾಗಿ ಕಾಯಿಲ್ ಲೈನಿಗೆ ಸೇರಿಸಿದ್ದರು. ಪಿಡಿಎಂ ಬಂದ್ ಮಾಡಿದರೂ ಆಲ್ಟರ್ನೇಟರೇ ಹಿಂದಿನಿಂದ ಕಾಯಿಲ್ಲಿಗೆ ಕರೆಂಟ್ ಕೊಡುತ್ತಿತ್ತು. ಎಕ್ಸೈಟೇಷನ್ನಿಗೆ ಬೇರೆ ಔಟ್‌ಪುಟ್ ಕೊಟ್ಟು, ಮಧ್ಯೆ ಚಾರ್ಜಿಂಗ್ ಬಲ್ಬ್ ಮತ್ತು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಹಾಕಿದ ಮೇಲೆ ಸರಿಯಾಯಿತು. ಆಲ್ಟರ್ನೇಟರ್ ಹಾಕಿದವರು ಇನ್ನೊಂದು ಮಾತು ತಿಳಿದಿರಿ: ಇಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕೀಳುವ ಹಳೇ ಅಭ್ಯಾಸ ಇನ್ನು ಬೇಡ. ವೋಲ್ಟೇಜ್ ಒಮ್ಮೆಲೇ ಏರಿ ಎಲೆಕ್ಟ್ರಾನಿಕ್ಸ್ ಸುಡಬಹುದು.

ಎರಡನೆಯದು ಸ್ವಿಚ್ಚುಗಳು. ಕಾಲಲ್ಲಿ ಒತ್ತುವ ಡಿಪ್ಪರ್, ಎಳೆಯುವ ಲೈಟ್ ಸ್ವಿಚ್ಚು, ಇವನ್ನು ಬಿಡಲು ನನಗೆ ಮನಸ್ಸಿರಲಿಲ್ಲ. ಆ ಗಾಡಿಯನ್ನು ಕೈಯಿಂದ ಮುಟ್ಟುವ ಜಾಗಗಳೇ ಅವು. ಆದರೆ ಡಿಪ್ಪರ್ ಒಂದು ಸಲ ಕೇಳುತ್ತದೆ, ಎರಡು ಸಲ ಕೇಳುವುದಿಲ್ಲ. ಸ್ವಿಚ್ ಬಿಚ್ಚಿ ನೋಡಿದರೆ ಮುರಿದಿರಲಿಲ್ಲ. ಹಿತ್ತಾಳೆ ಮೇಲೆ ಕಂದು ಬಣ್ಣದ ತೆಳು ಪೊರೆ ಕೂತಿತ್ತು. ಮೊದಲು ಹತ್ತು ಆಂಪಿಯರ್ ಹರಿಯುವಾಗ ಬರುವ ಸಣ್ಣ ಕಿಡಿಯೇ ಆ ಪೊರೆಯನ್ನು ಸುಟ್ಟು ಹಾಕುತ್ತಿತ್ತು. ಈಗ ಹರಿಯುವುದು ಒಂದು ಮಿಲಿಆಂಪಿಯರಿಗಿಂತ ಕಡಿಮೆ, ಪೊರೆ ದಾಟಲು ಅದಕ್ಕೆ ಶಕ್ತಿ ಇಲ್ಲ. ಸಣ್ಣ ಎಮರಿ ಕಾಗದದಲ್ಲಿ ಉಜ್ಜಿ, ಪಿಡಿಎಂನ 5 ವೋಲ್ಟ್ ಲೈನಿನಿಂದ 470 ಓಮ್ ರೆಸಿಸ್ಟರ್ ಕೊಟ್ಟು ಸ್ವಿಚ್ಚಿನಲ್ಲಿ ಹತ್ತು ಮಿಲಿಆಂಪಿಯರ್ ಹರಿಯುವ ಹಾಗೆ ಮಾಡಿದೆ. ಆಮೇಲೆ ಒಂದು ಸಲವೂ ತಪ್ಪಿಲ್ಲ. ಇದು ನನಗೆ ಎಲ್ಲೂ ಓದಲು ಸಿಕ್ಕಿರಲಿಲ್ಲ, ಅದಕ್ಕೇ ಇಷ್ಟು ಉದ್ದ ಬರೆದೆ.

ಮೂರನೆಯದು ಅರ್ಥಿಂಗ್. ಇಂಜಿನ್ ಆಫ್ ಇದ್ದಾಗ ಎಲ್ಲಾ ಸರಿ. ಸ್ಟಾರ್ಟ್ ಮಾಡಿದರೆ ಎಡಗಡೆ ಇಂಡಿಕೇಟರ್ ತಾನಾಗೇ ಮಿಣುಕುತ್ತದೆ. ನಾನು ಸಾಫ್ಟ್‌ವೇರಿನಲ್ಲಿ ಹುಡುಕುತ್ತಾ ಕೂತೆ. ಭಾಯಿ ಒಂದು ದಪ್ಪ ವೈರ್ ತಂದು ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ತುದಿ ಇಂಜಿನ್ ಬ್ಲಾಕಿಗೆ ಒತ್ತಿ ಹಿಡಿದರು. ಮಿಣುಕು ನಿಂತಿತು. ತೆಗೆದರೆ ಮತ್ತೆ ಶುರು. ಇಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ, ಅದನ್ನು ಚಾಸಿಗೆ ಸೇರಿಸುವ ಜಡೆ ಪಟ್ಟಿ ತುಕ್ಕು ಹಿಡಿದು ನಾಲ್ಕು ಎಳೆ ಉಳಿದಿತ್ತು. ಹೊಸ ಪಟ್ಟಿ, ಬಣ್ಣ ಕೆರೆದು ಬರಿ ಕಬ್ಬಿಣಕ್ಕೆ ಬೋಲ್ಟು, ಕ್ಯಾಬಿನ್ನಿಗೂ ಹಿಂದಿನ ಬಾಡಿಗೂ ಬೇರೆ ಬೇರೆ ಅರ್ಥ್. ಜೊತೆಗೆ ಪ್ಲಗ್ ವೈರುಗಳಿಂದ ಸೂಚನೆಯ ವೈರುಗಳನ್ನು ದೂರ ಸರಿಸಿ, ರೆಸಿಸ್ಟರ್ ಇರುವ ಪ್ಲಗ್ ಕ್ಯಾಪ್ ಹಾಕಿದೆವು. ಹಳೇ ಗಾಡಿಗೆ ಯಾವ ಎಲೆಕ್ಟ್ರಾನಿಕ್ ವಸ್ತು ಹಾಕುವುದಿದ್ದರೂ ಮೊದಲ ದಿನ ಅರ್ಥಿಂಗಿಗೆ ಮೀಸಲಿಡಿ. ಬ್ರಿಟಿಷ್ ಮೂಲದ ಕೆಲವು ಹಳೇ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ಸೇ ಗಾಡಿಯ ಬಾಡಿಗೆ ಸೇರಿರುತ್ತದೆ, ಅದನ್ನು ಮೊದಲು ನೋಡಿಕೊಳ್ಳಿ. ಪಿಡಿಎಂ ಹಾಕಲು ಮೈನಸ್ಸೇ ಬಾಡಿಗೆ ಸೇರಿರಬೇಕು.

ಕರೆಂಟಿನ ಮಿತಿ ಹಾಕುವುದು ಕಷ್ಟ ಅಲ್ಲ, ಆದರೆ ತಾಳ್ಮೆ ಬೇಕು. ತಣ್ಣಗಿರುವ ಬಲ್ಬ್ ಹತ್ತುವ ಕ್ಷಣದಲ್ಲಿ ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ. ಆ ಕ್ಷಣಕ್ಕೆ ಬೇರೆ ಮಿತಿ, ಆಮೇಲೆ ಬೇರೆ ಮಿತಿ ಅಂತ ಹಾಕಬಹುದು. ಅಳೆದ ಲೆಕ್ಕ ಕೈಯಲ್ಲಿ ಇದ್ದಿದ್ದರಿಂದ ಒಂದು ಸಂಜೆಯಲ್ಲಿ ಮುಗಿಯಿತು. ಮಿತಿ ಯಾವತ್ತೂ ಆ ವೈರ್ ತಡೆಯುವಷ್ಟಕ್ಕಿಂತ ಕೆಳಗೇ ಇರಲಿ. ಭಾಯಿ ಹಳೇ ಪದ್ಧತಿಯಂತೆ ಹಾರನ್ ವೈರನ್ನು ಬಾಡಿಗೆ ತಾಗಿಸಿ ನೋಡಿದರು. ಕಿಡಿ ಸಿಡಿದು ಹೊಗೆ ಬರುವ ಬದಲು ಆ ಲೈನ್ ಒಂದೇ ತೆಪ್ಪಗೆ ಬಂದ್ ಆಯಿತು, ಉಳಿದದ್ದೆಲ್ಲ ನಡೆಯುತ್ತಲೇ ಇತ್ತು. “ಇದು ಒಳ್ಳೇದು ಸಾರ್” ಅಂದರು. ಆ ಮಾತು ಕೇಳಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಖರ್ಚಿನ ವಿಷಯ ಮುಚ್ಚಿಡುವುದಿಲ್ಲ. ಪೆಟ್ಟಿಗೆ ಬಿಟ್ಟು ವೈರ್, ಕನೆಕ್ಟರ್, ಟೂಲು, ಆಲ್ಟರ್ನೇಟರ್, ಫ್ಯೂಸು, ಕೇಬಲ್ಲಿಗೆ ನಲವತ್ತು ಸಾವಿರದ ಆಸುಪಾಸು. ಭಾಯಿಯವರ ಕೂಲಿ ಬೇರೆ. ಕನೆಕ್ಟರ್ ಮತ್ತು ಕ್ರಿಂಪಿಂಗ್ ಟೂಲಿನಲ್ಲಿ ಉಳಿಸಲು ಹೋಗಬೇಡಿ. ಉಳಿಸಲೇಬೇಕಿದ್ದರೆ ಪಿಡಿಎಂ ಬಿಟ್ಟು ಫ್ಯೂಸ್-ರಿಲೇ ಬಾಕ್ಸ್ ಹಾಕಿ. ಅಳತೆ, ನಕ್ಷೆ, ಅರ್ಥಿಂಗ್ ಇಷ್ಟೇ ಶ್ರದ್ಧೆಯಿಂದ ಮಾಡಿದರೆ ಹೆಡ್‌ಲೈಟ್ ಅಷ್ಟೇ ಚೆನ್ನಾಗಿ ಉರಿಯುತ್ತದೆ. ಈಗ ನಮ್ಮ ಗಾಡಿಯಲ್ಲಿ ಇಂಜಿನ್ ಓಡುವಾಗ ಬಲ್ಬಿನ ಹತ್ತಿರ ಹದಿಮೂರು ವೋಲ್ಟಿಗೆ ಮೇಲೇ ಇದೆ.

ನಕ್ಷೆಯ ಒಂದು ಪ್ರಿಂಟನ್ನು ಲ್ಯಾಮಿನೇಟ್ ಮಾಡಿಸಿ ಸೀಟಿನ ಹಿಂದೆ ಅಂಟಿಸಿದ್ದೇನೆ, ಇನ್ನೊಂದು ಭಾಯಿಯವರ ಅಂಗಡಿಯಲ್ಲಿದೆ. ಪಿಡಿಎಂನ ಸೆಟ್ಟಿಂಗ್ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಆರ್‌ಸಿ ಜೊತೆಗೇ ಇಟ್ಟಿದ್ದೇನೆ. ಅದು ಕಳೆದರೆ ಮೊದಲಿಂದ ಶುರು ಮಾಡಬೇಕು. ಬಾಕಿ ಉಳಿದದ್ದು ಪೆಟ್ರೋಲ್ ಗೇಜ್ ಒಂದೇ. ಟ್ಯಾಂಕಿನೊಳಗೆ ಪೆಟ್ರೋಲ್ ಮಟ್ಟ ಅಳೆಯುವ ಸೆಂಡರ್ ಸವೆದು ಮುಳ್ಳು ಕುಣಿಯುತ್ತದೆ. ಮಳೆಗಾಲ ಮುಗಿದ ಮೇಲೆ ಟ್ಯಾಂಕ್ ಇಳಿಸಿ ಅದನ್ನು ಬದಲಿಸಬೇಕು. ಅಲ್ಲಿಯವರೆಗೆ ಕಡ್ಡಿ ಇಳಿಸಿ ಅಳೆದುಕೊಂಡು ಓಡಿಸುತ್ತಿದ್ದೇನೆ. ಈ ಗಾಡಿಗೆ ಸರಿಹೊಂದುವ ಸೆಂಡರ್ ಯಾರಿಗಾದರೂ ಸಿಕ್ಕರೆ ದಯವಿಟ್ಟು ತಿಳಿಸಿ.